ಮೀನಿನ ಹೊಟ್ಟೆಗೂ ‘ಒಳ್ಳೆ ಬ್ಯಾಕ್ಟೀರಿಯಾ’: ಪ್ರೋಬಯಾಟಿಕ್ ಮೇವು ಯಾವಾಗ ಕೆಲಸ ಮಾಡುತ್ತೆ, ಯಾವಾಗ ಮಾಡಲ್ಲ?



ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ಮಂಡ್ಯ ಕಡೆಯ ಒಬ್ಬ ಯುವಕ. ಡಿಗ್ರಿ ಮುಗಿಸಿದ್ದಾರೆ, ಮನೆಯ ಜಮೀನಿನಲ್ಲಿರೋ ಕೃಷಿ ಹೊಂಡಕ್ಕೆ ಕಾಟ್ಲಾ, ರೋಹು ಮರಿ ಬಿಟ್ಟಿದ್ದಾರೆ. ಮೂರು ದಿನದಿಂದ ಬೆಳಗಿನ ಜಾವ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಾ ಇವೆಯಂತೆ. ಕೆಲವು ಸತ್ತೂ ಹೋಗಿವೆ. ಮೇವಿನ ಅಂಗಡಿಯವರು ಒಂದು ಪ್ರೋಬಯಾಟಿಕ್ ಪ್ಯಾಕೆಟ್ ಕೊಟ್ಟು, ಅರ್ಧ ಮೇವಿಗೆ ಕಲಸಿ, ಇನ್ನರ್ಧ ಬೆಲ್ಲದ ನೀರಲ್ಲಿ ಕದಡಿ ಹೊಂಡಕ್ಕೆ ಸುರಿಯಿರಿ ಅಂದಿದ್ದಾರೆ. ಸುರಿಯೋದಾ, ಬೇಡ್ವಾ? ಇದು ಅವರ ಪ್ರಶ್ನೆ.

ಅವರಿಗೆ ಫೋನ್ ಮಾಡಿ ಉತ್ತರ ಹೇಳಿ ಆಗಿದೆ. ನಮ್ಮ ಸಂಚಿಕೆ ಬರೋ ತನಕ ಮೀನು ಕಾಯೋದಿಲ್ಲ ನೋಡಿ. ಆದರೆ ಆ ಉತ್ತರ ಯಾಕೆ ಹಾಗಿತ್ತು ಅಂತ ಅರ್ಥ ಆಗಬೇಕಾದರೆ, ಈ ಪ್ರೋಬಯಾಟಿಕ್ ಮೀನಿನ ಹೊಟ್ಟೆಯಲ್ಲಿ ಏನು ಮಾಡುತ್ತೆ ಅನ್ನೋದು ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ಮೊಸರಿನಿಂದ ಮೀನಿನವರೆಗೆ

ಪ್ರೋಬಯಾಟಿಕ್ ಅನ್ನೋ ಪದ ಹೊಸದಾಗಿ ಕೇಳಿಸಬಹುದು, ವಿಷಯ ನಮಗೆ ಹಳೆಯದು. ರಾತ್ರಿ ಅಮ್ಮ ಹಾಲಿಗೆ ಒಂದು ಚಮಚ ಹೆಪ್ಪು ಹಾಕ್ತಾರಲ್ಲ, ಅದರಲ್ಲಿ ಕೋಟಿಗಟ್ಟಲೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಇರುತ್ತೆ. ಅವು ಹಾಲಿನ ಸಕ್ಕರೆ ತಿಂದು ಆಮ್ಲ ಬಿಡ್ತವೆ, ಆ ಆಮ್ಲದಲ್ಲಿ ಹಾಲು ಕೆಡಿಸೋ ಬ್ಯಾಕ್ಟೀರಿಯಾ ಬೆಳೆಯೋಕೆ ಆಗಲ್ಲ. ಹೆಪ್ಪು ಹಾಕದೆ ಬಿಟ್ಟ ಹಾಲು ಹಾಳಾಗುತ್ತೆ, ಹೆಪ್ಪು ಹಾಕಿದ ಹಾಲು ಮೊಸರಾಗುತ್ತೆ.

ರಷ್ಯಾ ಮೂಲದ ವಿಜ್ಞಾನಿ ಎಲೀ ಮೆಚ್ನಿಕಾಫ್ 20ನೇ ಶತಮಾನದ ಆರಂಭದಲ್ಲೇ, ಹುಳಿ ಬಂದ ಹಾಲಿನ ಬ್ಯಾಕ್ಟೀರಿಯಾ ಮನುಷ್ಯನ ಕರುಳಿಗೆ ಒಳ್ಳೆಯದು ಅಂತ ವಾದಿಸಿದ್ದರು. ರೋಗನಿರೋಧಕ ಶಕ್ತಿಯ ಮೇಲಿನ ಕೆಲಸಕ್ಕೆ 1908ರಲ್ಲಿ ನೊಬೆಲ್ ಪಡೆದವರು ಅವರೇ. ಮೀನಿನ ಲೋಕಕ್ಕೆ ಈ ಐಡಿಯಾ ಬರೋಕೆ ತುಂಬಾ ವರ್ಷ ಹಿಡೀತು. 1986ರಲ್ಲಿ ಜಪಾನಿನ ಕೋಜಾಸಾ ಅನ್ನೋ ಸಂಶೋಧಕರು ಯೆಲ್ಲೋಟೈಲ್ ಅನ್ನೋ ಸಮುದ್ರ ಮೀನಿನ ಮೇವಿಗೆ ಬ್ಯಾಸಿಲಸ್ ಬ್ಯಾಕ್ಟೀರಿಯಾ ಬೆರೆಸಿ, ಬೆಳವಣಿಗೆ ಸುಧಾರಿಸಿದ್ದನ್ನು ವರದಿ ಮಾಡಿದರು. ಮೀನು ಸಾಕಣೆಯ ಪ್ರೋಬಯಾಟಿಕ್ ಚರಿತ್ರೆ ಬರೆಯೋರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡ್ತಾರೆ.

ಈಗ ಎಲ್ಲರೂ ಒಪ್ಪೋ ವ್ಯಾಖ್ಯಾನ ಒಂದಿದೆ. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟಿದ್ದು. ಅದರ ಸಾರ ಮೂರು ಮಾತು: ಜೀವಂತ ಇರಬೇಕು, ಸಾಕಷ್ಟು ಸಂಖ್ಯೆಯಲ್ಲಿ ಇರಬೇಕು, ತಿಂದ ಜೀವಿಗೆ ಆರೋಗ್ಯದ ಪ್ರಯೋಜನ ಆಗಬೇಕು. ಈ ಮೂರನ್ನ ಬೆರಳ ಮೇಲೆ ಎಣಿಸಿಟ್ಟುಕೊಳ್ಳಿ. ಆಮೇಲೆ ಪ್ಯಾಕೆಟ್ ನೋಡುವಾಗ ಬೇಕಾಗುತ್ತೆ.

ಮೀನಿಗೆ ಯಾಕೆ ಇದು ಇನ್ನೂ ಮುಖ್ಯ?

ಒಂದು ಕ್ಷಣ ಯೋಚನೆ ಮಾಡಿ. ಮೀನು ಊಟ ಮಾಡೋದು, ಉಸಿರಾಡೋದು, ಮಲ ಬಿಡೋದು ಎಲ್ಲಾ ಒಂದೇ ನೀರಲ್ಲಿ. ಒಂದು ಮೀನಿಗೆ ರೋಗ ಬಂದರೆ ಅದರ ಬ್ಯಾಕ್ಟೀರಿಯಾ ಪಕ್ಕದ ಮೀನಿನ ಕಿವಿರಿಗೆ ಬರೋಕೆ ಹೆಚ್ಚು ಹೊತ್ತು ಬೇಕಿಲ್ಲ. ಕೆರೆಯಲ್ಲಿ ಸ್ವಾಭಾವಿಕವಾಗಿ ಬೆಳೆಯೋ ಮೀನಿಗೆ ಜಾಗ ಜಾಸ್ತಿ. ಸಾಕಣೆ ಹೊಂಡದಲ್ಲಿ ಹಾಗಲ್ಲ, ಕಡಿಮೆ ನೀರು, ಜಾಸ್ತಿ ಮೀನು, ಮೇಲೆ ದಿನಾ ಸುರಿಯೋ ಮೇವು. ತಿನ್ನದೆ ಬಿಟ್ಟ ಮೇವು ತಳಕ್ಕೆ ಹೋಗಿ ಕೊಳೆಯುತ್ತೆ, ಅಲ್ಲಿ ಅಮೋನಿಯಾ ಹುಟ್ಟುತ್ತೆ.

ನಮ್ಮ ಗೆಂಡೆ ಜಾತಿಯ ಮೀನುಗಳು, ಅಂದ್ರೆ ಕಾಟ್ಲಾ, ರೋಹು, ಮೃಗಾಲ್, ಇವುಗಳನ್ನ ಕಾಡೋ ಬ್ಯಾಕ್ಟೀರಿಯಾಗಳಲ್ಲಿ ಏರೋಮೋನಾಸ್ ಮುಖ್ಯವಾದದ್ದು. ಮೈಮೇಲೆ ಕೆಂಪು ಕಲೆ, ಹುಣ್ಣು, ಹೊಟ್ಟೆ ಊದಿಕೊಂಡು ಹುರುಪೆ ನಿಮಿರಿ ನಿಲ್ಲೋದು ಇದರ ಲಕ್ಷಣ. ವಿಚಿತ್ರ ಏನಂದ್ರೆ, ಏರೋಮೋನಾಸ್ ಎಲ್ಲಿಂದಲೋ ಬರೋ ಶತ್ರು ಅಲ್ಲ. ಸಿಹಿನೀರಲ್ಲಿ ಯಾವಾಗಲೂ ಇರುತ್ತೆ. ಮೀನು ಗಟ್ಟಿಯಾಗಿದ್ದಾಗ ಸುಮ್ಮನಿರುತ್ತೆ, ಮೀನು ಸೊರಗಿದಾಗ ಮೇಲೆ ಬೀಳುತ್ತೆ.

ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ

ಹಾಗಾದ್ರೆ ಮೇವಿನಲ್ಲಿ ಹೋದ ಒಳ್ಳೆ ಬ್ಯಾಕ್ಟೀರಿಯಾ ಏನು ಮಾಡುತ್ತೆ? ನಾಲ್ಕು ಕೆಲಸ.

ಒಂದು, ಜಾಗ ಹಿಡಿಯೋದು. ಹಬ್ಬದ ದಿನ ಊರಿನ ಬಸ್ ಸ್ಟ್ಯಾಂಡಲ್ಲಿ ಬಸ್ಸು ಬರೋ ಮುಂಚೆನೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತಾರಲ್ಲ, ಹಾಗೆ. ಮೀನಿನ ಕರುಳಿನ ಗೋಡೆಯಲ್ಲಿ ಅಂಟಿಕೊಳ್ಳೋಕೆ ಇರೋ ಜಾಗ ಸೀಮಿತ, ಸಿಗೋ ಆಹಾರನೂ ಸೀಮಿತ. ಒಳ್ಳೆಯವು ಮೊದಲೇ ಕೂತಿದ್ದರೆ ಕೆಟ್ಟವು ನಿಂತುಕೊಂಡೇ ಹೋಗಬೇಕು.

ಎರಡು, ಎದುರಾಳಿಯನ್ನ ತಡೆಯೋದು. ಲ್ಯಾಕ್ಟೋಬ್ಯಾಸಿಲಸ್‌ನಂಥವು ಆಮ್ಲ ಬಿಡ್ತವೆ. ಹಲವು ಬ್ಯಾಕ್ಟೀರಿಯಾಗಳು ಬೇರೆ ಬ್ಯಾಕ್ಟೀರಿಯಾವನ್ನ ಕೊಲ್ಲೋ ಸಣ್ಣ ಪ್ರೋಟೀನ್‌ಗಳನ್ನೂ ತಯಾರಿಸ್ತವೆ.

ಮೂರು, ಜೀರ್ಣಕ್ಕೆ ಸಹಾಯ. ಬ್ಯಾಸಿಲಸ್ ಜಾತಿಯವು ಪ್ರೋಟೀನ್, ಪಿಷ್ಟ, ಕೊಬ್ಬನ್ನ ಒಡೆಯೋ ಕಿಣ್ವ ಬಿಡ್ತವೆ. ತಿಂದ ಮೇವು ಚೆನ್ನಾಗಿ ಅರಗಿದರೆ ಅದೇ ಮೇವಲ್ಲಿ ಮೀನು ಹೆಚ್ಚು ತೂಗುತ್ತೆ, ನೀರಿಗೆ ಹೋಗೋ ಕೊಳಕೂ ಕಡಿಮೆ. ಮೀನು ಸಾಕಣೆಯಲ್ಲಿ ಅತಿ ದೊಡ್ಡ ಖರ್ಚು ಮೇವಿನದ್ದೇ ಆಗಿರೋದರಿಂದ, ರೈತರಿಗೆ ಇದು ಜೇಬಿನ ಲೆಕ್ಕ.

ನಾಲ್ಕು, ಮೀನಿನ ಸ್ವಂತ ರಕ್ಷಣಾ ವ್ಯವಸ್ಥೆಯನ್ನ ಎಚ್ಚರ ಇಡೋದು. ಪ್ರೋಬಯಾಟಿಕ್ ಮೇವು ತಿಂದ ಮೀನಿನಲ್ಲಿ ರೋಗಾಣುವನ್ನ ನುಂಗೋ ರಕ್ತಕಣಗಳು ಚುರುಕಾಗೋದು, ಲೈಸೋಝೈಮ್ ಅನ್ನೋ ರಕ್ಷಣಾ ಕಿಣ್ವ ಜಾಸ್ತಿಯಾಗೋದು ಹಲವು ಪ್ರಯೋಗಗಳಲ್ಲಿ ಕಂಡಿದೆ.

ಈ ನಾಲ್ಕರಲ್ಲಿ ಒಂದು ಕಾಮನ್ ವಿಷಯ ಗಮನಿಸಿದ್ರಾ? ಎಲ್ಲವೂ ರೋಗ ಬರೋ ಮುಂಚೆ ಮಾಡೋ ಕೆಲಸ. ಹಾಲು ಒಡೆದ ಮೇಲೆ ಹೆಪ್ಪು ಹಾಕಿದರೆ ಮೊಸರಾಗಲ್ಲ.

ಕತ್ತಲಲ್ಲಿ ಹೊಳೆದ ತೊಟ್ಟಿಗಳು

ಸರಿ, ಇಷ್ಟೆಲ್ಲಾ ತಲೆಬಿಸಿ ಯಾಕೆ, ರೋಗ ಬಂದಾಗ ಆಂಟಿಬಯೋಟಿಕ್ ಕೊಟ್ಟರೆ ಆಯ್ತಲ್ಲ ಅಂತ ಕೇಳಬಹುದು. ಅದಕ್ಕೆ ಉತ್ತರ ನಮ್ಮ ಕರಾವಳಿಯಲ್ಲೇ ಇದೆ.

ಸಿಗಡಿ ಮರಿ ಬೆಳೆಸೋ ಹ್ಯಾಚರಿಗಳಲ್ಲಿ ಒಂದು ಭಯಾನಕ ದೃಶ್ಯ ಇರುತ್ತೆ. ರಾತ್ರಿ ಲೈಟ್ ಆಫ್ ಮಾಡಿದರೆ ತೊಟ್ಟಿಯ ನೀರು ನೀಲಿ-ಹಸಿರಾಗಿ ಹೊಳೆಯುತ್ತೆ. ನೋಡೋಕೆ ಚಂದ, ಆದರೆ ಹ್ಯಾಚರಿಯವರಿಗೆ ಅದು ಸಾವಿನ ಬೆಳಕು. ವಿಬ್ರಿಯೋ ಹಾರ್ವೆಯಿ ಅನ್ನೋ ಬ್ಯಾಕ್ಟೀರಿಯಾ ಲೆಕ್ಕ ಮೀರಿ ಬೆಳೆದಾಗ ಹಾಗೆ ಹೊಳೆಯುತ್ತೆ. ಮರಿಗಳು ರಾಶಿ ರಾಶಿ ಸಾಯ್ತವೆ.

ಮಂಗಳೂರಿನ ಮೀನುಗಾರಿಕಾ ಕಾಲೇಜು ಗೊತ್ತಲ್ಲ? 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಅಲ್ಲಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲೇ ಒಂದು ಎಚ್ಚರಿಕೆ ಕೊಟ್ಟರು. ಹ್ಯಾಚರಿಯಲ್ಲಿ ಸಿಗಡಿ ಮರಿಗಳನ್ನ ಸಾಮೂಹಿಕವಾಗಿ ಕೊಂದ ವಿಬ್ರಿಯೋ ಹಾರ್ವೆಯಿ, ಒಂದಲ್ಲ ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದೆ ಇತ್ತು ಅಂತ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅಂದ್ರೆ ಮೂವತ್ತು ವರ್ಷದ ಹಿಂದೆಯೇ ಔಷಧ ಸೋಲೋಕೆ ಶುರುವಾಗಿತ್ತು.

ಯಾಕೆ ಹೀಗೆ? ರೋಗ ಬಂದ ಮೀನು ಮೊದಲು ಬಿಡೋದೇ ಊಟ. ಹಾಗಾಗಿ ಮೇವಿನಲ್ಲಿ ಕೊಟ್ಟ ಆಂಟಿಬಯೋಟಿಕ್ ತಿನ್ನೋದು ಹೆಚ್ಚಾಗಿ ಆರೋಗ್ಯವಾಗಿರೋ ಮೀನು. ಉಳಿದದ್ದು ನೀರಿಗೆ, ಕೆಸರಿಗೆ. ಅಲ್ಲಿರೋ ಬ್ಯಾಕ್ಟೀರಿಯಾಗೆ ದಿನಾ ಚೂರು ಚೂರು ಔಷಧ ಸಿಕ್ಕಿ, ಅದನ್ನ ತಡೆದುಕೊಳ್ಳೋದನ್ನ ಕಲೀತವೆ. ಕಲಿತದ್ದನ್ನ ಪ್ಲಾಸ್ಮಿಡ್ ಅನ್ನೋ ಸಣ್ಣ ಡಿಎನ್ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ಫಾರ್ವರ್ಡ್ ಮಾಡ್ತವೆ, ನಾವು ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿದ ಹಾಗೆ. ಮೀನಿಗೆ ಬಳಸೋ ಆಕ್ಸಿಟೆಟ್ರಾಸೈಕ್ಲಿನ್, ಮನುಷ್ಯರಿಗೆ ಕೊಡೋ ಟೆಟ್ರಾಸೈಕ್ಲಿನ್ ಕುಟುಂಬದ್ದೇ ಔಷಧ. ಇದು ಬರೀ ಮೀನು ಸಾಕೋರ ಸಮಸ್ಯೆ ಅಲ್ಲ ಅನ್ನೋದು ಇಲ್ಲೇ ಗೊತ್ತಾಗುತ್ತೆ. ನಾಳೆ ನಮಗೋ ನಮ್ಮ ಮನೆಯವರಿಗೋ ಸೋಂಕು ಬಂದಾಗ ಔಷಧ ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆ ಇದು.

ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥ ಔಷಧಗಳನ್ನ ಭಾರತದ ಜಲಕೃಷಿಯಲ್ಲಿ ಬಳಸೋ ಹಾಗೇ ಇಲ್ಲ. ಅವುಗಳ ಅಂಶ ಸಿಕ್ಕಿದರೆ ರಫ್ತಾದ ಸಿಗಡಿಯ ಕಂಟೇನರ್ ವಾಪಸ್ ಬರುತ್ತೆ.

ಇನ್ನೊಂದು ದಾರಿ ಲಸಿಕೆ. ನಾರ್ವೆಯ ಸಾಲ್ಮನ್ ಉದ್ಯಮ 1987ರಲ್ಲಿ ಸುಮಾರು 50 ಟನ್ ಆಂಟಿಬಯೋಟಿಕ್ ಬಳಸ್ತಾ ಇತ್ತು. ಲಸಿಕೆ ಬಂದ ಮೇಲೆ ಮೀನಿನ ಉತ್ಪಾದನೆ ಹಲವು ಪಟ್ಟು ಏರಿದರೂ ಆಂಟಿಬಯೋಟಿಕ್ ವರ್ಷಕ್ಕೆ 1 ಟನ್‌ಗೂ ಕೆಳಗೆ ಇಳೀತು. ಆದರೆ ಸಾಲ್ಮನ್‌ಗೆ ಒಂದೊಂದಾಗಿ ಸೂಜಿ ಚುಚ್ಚೋಕೆ ಅಲ್ಲಿ ಯಂತ್ರಗಳಿವೆ. ನಮ್ಮ ಕೃಷಿ ಹೊಂಡದ ರೋಹುಗೆ ಯಾರು ಚುಚ್ಚೋದು? ಸಿಗಡಿಗಂತೂ ನಮ್ಮ ಹಾಗೆ ಆಂಟಿಬಾಡಿ ತಯಾರಿಸೋ ವ್ಯವಸ್ಥೆಯೇ ಇಲ್ಲ, ಹಾಗಾಗಿ ನಮಗೆ ಗೊತ್ತಿರೋ ಥರದ ಲಸಿಕೆ ಅದಕ್ಕೆ ಕೆಲಸ ಮಾಡಲ್ಲ. ಪ್ರೋಬಯಾಟಿಕ್ ಮೇಲೆ ಅಷ್ಟು ಆಸೆ ಇಟ್ಟುಕೊಂಡಿರೋದು ಇದಕ್ಕೇ.

ಆ ಆಸೆಗೆ ಆಧಾರನೂ ಇದೆ. 1998ರಲ್ಲಿ ಡೇವಿಡ್ ಮೊರಿಯಾರ್ಟಿ ಅನ್ನೋ ವಿಜ್ಞಾನಿ ಇಂಡೋನೇಷ್ಯಾದ ಸಿಗಡಿ ಫಾರ್ಮ್‌ಗಳನ್ನ ಹೋಲಿಸಿ ವರದಿ ಮಾಡಿದರು. ಹೊಂಡಕ್ಕೆ ಆಯ್ದ ಬ್ಯಾಸಿಲಸ್ ಹಾಕಿದ ಫಾರ್ಮ್‌ನಲ್ಲಿ ಸಿಗಡಿಯನ್ನ 160 ದಿನಕ್ಕೂ ಮೀರಿ ಬೆಳೆಸೋಕೆ ಆಯ್ತು. ಹಾಕದೆ ಇದ್ದ ಕಡೆ, ಅದೇ ಹೊಳೆಯೋ ವಿಬ್ರಿಯೋದಿಂದ 80 ದಿನ ಆಗೋದರೊಳಗೆ ಹೆಚ್ಚು ಕಡಿಮೆ ಎಲ್ಲಾ ಹೊಂಡಗಳೂ ನೆಲಕಚ್ಚಿದವು. ಅಲ್ಲಿ ಬ್ಯಾಕ್ಟೀರಿಯಾ ಹಾಕಿದ್ದು ನೀರಿಗೆ, ಮೇವಿಗಲ್ಲ ಅನ್ನೋದನ್ನೂ ನೆನಪಿಡಿ. ತತ್ವ ಮಾತ್ರ ಅದೇ, ಕೆಟ್ಟದ್ದು ತುಂಬಿಕೊಳ್ಳೋ ಮುಂಚೆ ಒಳ್ಳೆಯದನ್ನ ತುಂಬಿಸು.

ಪ್ಯಾಕೆಟ್ ಕೈಗೆ ಬಂದಾಗ

ಈಗ ಆ ಮೂರು ಬೆರಳಿಗೆ ಬರೋಣ.

ಮೊದಲನೆಯದು, ಜೀವ ಇದೆಯಾ? ಫ್ಯಾಕ್ಟರಿಯಲ್ಲಿ ತೇಲೋ ಮೇವು ತಯಾರಾಗೋದು 100 ಡಿಗ್ರಿಗೂ ಮೀರಿದ ಶಾಖ, ಒತ್ತಡದಲ್ಲಿ. ಲ್ಯಾಕ್ಟೋಬ್ಯಾಸಿಲಸ್, ಯೀಸ್ಟ್ ಆ ಶಾಖಕ್ಕೆ ಸತ್ತು ಹೋಗ್ತವೆ. ಬ್ಯಾಸಿಲಸ್ ಮಾತ್ರ ಸ್ಪೋರ್ ಅನ್ನೋ ಗಟ್ಟಿ ಕವಚದೊಳಗೆ ನಿದ್ದೆ ಹೋಗುತ್ತೆ, ಶಾಖ, ಒಣಗುವಿಕೆ ಎರಡನ್ನೂ ಬಹಳ ಮಟ್ಟಿಗೆ ತಡೆದುಕೊಳ್ಳುತ್ತೆ. ಅಂಗಡಿಯಲ್ಲಿ ಸಿಗೋ ಮೀನಿನ ಪ್ರೋಬಯಾಟಿಕ್‌ಗಳಲ್ಲಿ ಬ್ಯಾಸಿಲಸ್ ಅಷ್ಟು ಕಾಣೋಕೆ ಇದೂ ಒಂದು ಕಾರಣ. ಪ್ಯಾಕೆಟ್ ಬಿಸಿಲಲ್ಲಿ ಬೆಂದಿದೆಯಾ, ಎಕ್ಸ್‌ಪೈರಿ ಡೇಟ್ ಮುಗಿದಿದೆಯಾ ಅಂತ ನೋಡಬೇಕು.

ಎರಡನೆಯದು, ಸಾಕಷ್ಟು ಇದೆಯಾ? ಲೇಬಲ್ ಮೇಲೆ ಸಿಎಫ್‌ಯು ಅನ್ನೋ ಸಂಖ್ಯೆ ಇರುತ್ತೆ. ಒಂದು ಗ್ರಾಂನಲ್ಲಿ ಬೆಳೆಯಬಲ್ಲ ಎಷ್ಟು ಬ್ಯಾಕ್ಟೀರಿಯಾ ಇವೆ ಅನ್ನೋ ಲೆಕ್ಕ ಅದು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ ಮೇವಿಗೆ 10 ಲಕ್ಷದಿಂದ 10 ಕೋಟಿವರೆಗೆ ಬರೋ ಹಾಗೆ ಬೆರೆಸ್ತಾರೆ. ಸಿಎಫ್‌ಯು ಸಂಖ್ಯೆ, ಬ್ಯಾಕ್ಟೀರಿಯಾದ ಹೆಸರು, ಬ್ಯಾಚ್ ನಂಬರ್ ಇಲ್ಲದೆ ಬರೀ ನೆಗೆಯೋ ಮೀನಿನ ಫೋಟೋ ಇರೋ ಪ್ಯಾಕೆಟ್ ಆದರೆ, ಅದನ್ನ ವಾಪಸ್ ಇಡಿ.

ಮೂರನೆಯದು, ಈ ಮೀನಿಗೆ ಪ್ರಯೋಜನ ಇದೆಯಾ? ಒಂದು ತಳಿಯ ಬ್ಯಾಕ್ಟೀರಿಯಾ ಸಿಗಡಿಗೆ ಒಳ್ಳೆಯದು ಅಂತ ಸಾಬೀತಾದರೆ ರೋಹುಗೂ ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಉಪ್ಪುನೀರಿನದ್ದು ಸಿಹಿನೀರಲ್ಲಿ ಬೆಳೆಯದೆ ಹೋಗಬಹುದು. ಲ್ಯಾಬಿನ ಗಾಜಿನ ತೊಟ್ಟಿಯಲ್ಲಿ ಬಂದ ಫಲಿತಾಂಶ ಕೆಸರಿನ ಹೊಂಡದಲ್ಲಿ ಅಷ್ಟೇ ಚೆನ್ನಾಗಿ ಬರುತ್ತೆ ಅಂತಲೂ ಹೇಳೋಕಾಗಲ್ಲ.

ಕಲಸೋ ವಿಧಾನ ಕಷ್ಟದ್ದಲ್ಲ. ಲೇಬಲ್ ಹೇಳಿದ ಅಳತೆ ತಗೊಂಡು, ಕ್ಲೋರಿನ್ ಇಲ್ಲದ ತಣ್ಣೀರಲ್ಲಿ ಕದಡಿ, ಮೇವಿನ ಮೇಲೆ ಚಿಮುಕಿಸಿ, ಸ್ವಲ್ಪ ಎಣ್ಣೆ ಅಥವಾ ಅಂಟು ಸವರಿ, ನೆರಳಲ್ಲಿ ಆರಿಸಿ ಅವತ್ತೇ ಕೊಡೋದು. ಎಣ್ಣೆ ಸವರದಿದ್ದರೆ ಮೇವು ನೀರಿಗೆ ಬಿದ್ದ ತಕ್ಷಣ ಬ್ಯಾಕ್ಟೀರಿಯಾ ತೊಳೆದು ಹೋಗುತ್ತೆ. ಆಂಟಿಬಯೋಟಿಕ್ ಜೊತೆ ಕೊಟ್ಟರೆ ಅದು ಇದನ್ನೂ ಕೊಲ್ಲುತ್ತೆ. ಬ್ಲೀಚಿಂಗ್ ಪೌಡರ್ ಹಾಕಿದ ನೀರಲ್ಲೂ ಅದೇ ಗತಿ. ಇನ್ನೊಂದು ವಿಷಯ, ಈ ಬ್ಯಾಕ್ಟೀರಿಯಾಗಳು ಮೀನಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಕಾಯಂ ಆಗಿ ನೆಲೆಸಲ್ಲ. ಕೊಡೋದು ನಿಲ್ಲಿಸಿದರೆ ಕೆಲವು ದಿನ, ವಾರಗಳಲ್ಲಿ ಕಡಿಮೆಯಾಗ್ತವೆ. ಒಂದು ದಿನ ಕೊಟ್ಟು ಮರೆತರೆ ದುಡ್ಡು ನೀರಿಗೆ ಹಾಕಿದ ಹಾಗೆಯೇ, ಅಕ್ಷರಶಃ.

ತೌಡು, ಬೆಲ್ಲ, ಯೀಸ್ಟ್ ಹುದುಗಿಸಿ ಮನೆಯಲ್ಲೇ ಮಾಡಿಕೊಳ್ಳೋ ರೈತರೂ ಇದ್ದಾರೆ. ಜೀವಾಮೃತ ಮಾಡೋ ಕೈಗಳಿಗೆ ಇದು ಸುಲಭ, ಖರ್ಚೂ ಕಮ್ಮಿ. ತೊಂದರೆ ಏನಂದ್ರೆ ಡ್ರಮ್‌ನಲ್ಲಿ ಏನು ಬೆಳೆದಿದೆ ಅಂತ ಕಣ್ಣಿಗೆ ಕಾಣಲ್ಲ. ಹುಳಿ-ಸಿಹಿ ವಾಸನೆ ಬದಲು ಕೊಳೆತ ವಾಸನೆ ಬಂದರೆ ಅದನ್ನ ಹೊಂಡಕ್ಕೆ ಹಾಕಲೇಬೇಡಿ.

ಮಂಡ್ಯದ ಗೆಳೆಯನಿಗೆ ಕೊಟ್ಟ ಉತ್ತರ

ಈಗ ಆ ವಾಯ್ಸ್ ನೋಟ್‌ಗೆ ವಾಪಸ್ ಹೋಗೋಣ. ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡ್ತಾ ಇದೆ, ಬಿಸಿಲೇರಿದ ಮೇಲೆ ಕೆಳಗೆ ಹೋಗುತ್ತೆ. ಇದು ಹೆಚ್ಚಾಗಿ ಆಮ್ಲಜನಕದ ಕೊರತೆಯ ಲಕ್ಷಣ. ಹಗಲಲ್ಲಿ ನೀರಿನ ಪಾಚಿ ಆಮ್ಲಜನಕ ಕೊಡುತ್ತೆ, ರಾತ್ರಿ ಅದೇ ಪಾಚಿ ಮೀನಿನ ಜೊತೆ ಪೈಪೋಟಿಗೆ ನಿಂತು ಆಮ್ಲಜನಕ ಎಳೆದುಕೊಳ್ಳುತ್ತೆ. ಸೂರ್ಯ ಹುಟ್ಟೋ ಮುಂಚಿನ ಹೊತ್ತಿಗೆ ನೀರಲ್ಲಿ ಅದು ತೀರಾ ಕಡಿಮೆ. ಗೆಂಡೆ ಮೀನಿಗೆ ಒಂದು ಲೀಟರ್ ನೀರಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಆರಾಮ, 3ಕ್ಕಿಂತ ಕೆಳಗಿಳಿದರೆ ಸಂಕಟ.

ಅಂಥ ಹೊಂಡಕ್ಕೆ ಬೆಲ್ಲದ ನೀರು, ಬ್ಯಾಕ್ಟೀರಿಯಾ ಎರಡನ್ನೂ ಸುರಿದರೆ ಏನಾಗುತ್ತೆ? ಬ್ಯಾಕ್ಟೀರಿಯಾ ಬೆಲ್ಲ ತಿನ್ನುತ್ತೆ, ಬೆಳೆಯುತ್ತೆ, ಉಸಿರಾಡುತ್ತೆ. ಅದಕ್ಕೂ ಆಮ್ಲಜನಕ ಬೇಕು. ಉಳಿದಿದ್ದ ಚೂರನ್ನೂ ಅದು ಎಳೆದುಕೊಳ್ಳುತ್ತೆ. ಒಳ್ಳೆಯದು ಅಂತ ಹಾಕಿದ ಪ್ಯಾಕೆಟ್ಟೇ ಮರುದಿನ ಬೆಳಗ್ಗೆ ಮೀನು ತೇಲೋಕೆ ಕಾರಣ ಆಗಬಹುದು.

ಹಾಗಾಗಿ ನಾವು ಹೇಳಿದ್ದು ಇಷ್ಟು. ಈಗ ಸುರಿಯಬೇಡಿ. ಇವತ್ತು ಮೇವು ನಿಲ್ಲಿಸಿ. ರಾತ್ರಿಯಿಂದ ಬೆಳಗಿನವರೆಗೆ ಏರೇಟರ್ ಇದ್ದರೆ ಅದನ್ನ, ಇಲ್ಲದಿದ್ದರೆ ಪಂಪ್ ಹಚ್ಚಿ ನೀರನ್ನ ಎತ್ತರದಿಂದ ಚಿಮ್ಮಿಸಿ. ಹೊಸ ನೀರು ಇದ್ದರೆ ಬಿಡಿ. ಮೊಣಕೈವರೆಗೆ ಕೈ ಮುಳುಗಿಸಿ ನೋಡಿ, ಅಂಗೈ ಕಾಣೋದೇ ಇಲ್ಲ ಅಂದ್ರೆ ಪಾಚಿ ಜಾಸ್ತಿಯಾಗಿದೆ. ಮೈಮೇಲೆ ಹುಣ್ಣು, ಕೆಂಪು ಕಲೆ ಇದ್ದರೆ, ಒದ್ದಾಡ್ತಾ ಇರೋ ಮೀನನ್ನೂ ಒಂದು ಬಾಟಲ್ ನೀರನ್ನೂ ತಗೊಂಡು ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ.

ಪ್ಯಾಕೆಟ್ ಬಿಸಾಡಬೇಕಿಲ್ಲ. ಲೇಬಲ್ ಸರಿ ಇದ್ದರೆ ತಂಪಾದ ಜಾಗದಲ್ಲಿ ಇಟ್ಟುಕೊಳ್ಳಿ. ಹೊಂಡ ಸುಧಾರಿಸಿ, ಮೀನು ಚೆನ್ನಾಗಿ ತಿನ್ನೋಕೆ ಶುರು ಮಾಡಿದ ಮೇಲೆ ಮೇವಿಗೆ ಕಲಸಿ, ಬಿಡದೆ ಕೊಡಿ. ಮೇವು, ತೂಕ, ಸತ್ತ ಮೀನಿನ ಲೆಕ್ಕವನ್ನ ಫೋನಿನ ನೋಟ್ಸ್‌ನಲ್ಲಿ ಬರೆದಿಡಿ. ಮುಂದಿನ ಬೆಳೆಯಲ್ಲಿ ಈ ಖರ್ಚು ಗಿಟ್ಟಿತಾ ಇಲ್ವಾ ಅಂತ ಅಂಗಡಿಯವರನ್ನ ಕೇಳಬೇಕಾಗಿಲ್ಲ, ನಿಮ್ಮ ಲೆಕ್ಕವೇ ಹೇಳುತ್ತೆ.

ಕೊನೆಗೊಂದು ಪ್ರಶ್ನೆ, ಇದನ್ನ ನಮ್ಮ ಟೀಮಲ್ಲೇ ಒಬ್ಬರು ಕೇಳಿದ್ದು. ಪ್ರೋಬಯಾಟಿಕ್ ತಿಂದ ಮೀನನ್ನ ನಾವು ತಿಂದರೆ ನಮಗೂ ಪ್ರೋಬಯಾಟಿಕ್ ಸಿಗುತ್ತಾ? ಇಲ್ಲ. ಬ್ಯಾಕ್ಟೀರಿಯಾ ಇರೋದು ಮೀನಿನ ಕರುಳಲ್ಲಿ. ಅದನ್ನ ಮೀನು ಶುಚಿ ಮಾಡುವಾಗಲೇ ತೆಗೆದು ಬಿಸಾಡ್ತೀವಿ. ಉಳಿದದ್ದು ಹುಳಿಯಲ್ಲಿ ಕುದಿಯುತ್ತೆ, ಇಲ್ಲಾ ಕಾವಲಿಯಲ್ಲಿ ಹುರಿಯುತ್ತೆ. ನಿಮ್ಮ ಹೊಟ್ಟೆಗೆ ಬೇಕಾದರೆ ಊಟದ ಕೊನೆಗೆ ಮೊಸರನ್ನ ಇದ್ದೇ ಇದೆಯಲ್ಲ. ನಮಗೆ ಸಿಗೋ ಲಾಭ ಬೇರೆ: ಆಂಟಿಬಯೋಟಿಕ್ ಬೇಡದೇ ಬೆಳೆದ ಮೀನು, ಮತ್ತು ನಮಗೆ ಕಾಯಿಲೆ ಬಂದ ದಿನ ಇನ್ನೂ ಕೆಲಸ ಮಾಡೋ ಔಷಧ.

ಅಂದ ಹಾಗೆ, ಮಂಡ್ಯದಿಂದ ನಿನ್ನೆ ಇನ್ನೊಂದು ವಾಯ್ಸ್ ನೋಟ್ ಬಂತು. ಹಿಂದೆ ಪಂಪಿನ ಸದ್ದು ಕೇಳ್ತಾ ಇತ್ತು. ಎರಡು ದಿನದಿಂದ ಮೀನು ಮೇಲೆ ಬಂದಿಲ್ಲವಂತೆ.

ನಿಮ್ಮ ಊರಲ್ಲೂ ಹೊಂಡ, ಕೆರೆ, ಮೀನು ಅಂತ ಓಡಾಡೋ ಗೆಳೆಯರಿದ್ದರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ. ಮತ್ತೆ ಸಿಗೋಣ.